ಭಾಷೆ ಓದಲು ಹೋದ ದಾರಿಗಳು

(ಬಾನುಲಿ ಭಾಷಣದ ಬರಹರೂಪ)

ಭಾಷೆಯನ್ನೇ ಮುಖ್ಯ ವಿಷಯವಾಗಿ ಓದಬೇಕೆಂಬ ಮಗನಿಗೋ ಮಗಳಿಗೋ ಯಾವ ವಿಶ್ವವಿದ್ಯಾನಿಲಯ ತಕ್ಕದ್ದು? ಪಿ.ಯು.ಸಿ. ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಅಪರೂಪಕ್ಕೊಬ್ಬ ತಂದೆ ಅಥವಾ ತಾಯಿ ಈ ಪ್ರಶ್ನೆಯನ್ನು ಕೇಳುವುದುಂಟು. ಎಂಜಿನಿಯರಿಂಗಿನ ವಿಚಾರವನ್ನಾದರೆ ಅವರು ಗಟ್ಟಿಯಾಗಿಯೇ ಕೇಳುತ್ತಾರೆ. ಭಾಷೆಯ ವಿಚಾರ ಬಂದಾಗ ಧ್ವನಿ ತುಸು ತಗ್ಗುತ್ತದೆ. ಈ ಪ್ರಶ್ನೆ ಹೊಸದೇನಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ಕಾಲಕಾಲಕ್ಕೆ ಇದಕ್ಕೆ ಸಿಕ್ಕ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ, ಇಂದು ಅರ್ಜಿ ಹಾಕಲು ಹೊರಟವರಿಗೆ ಒಂದಿಷ್ಟು ಬೆಳಕು ಸಿಕ್ಕೀತೆಂಬುದು ನನ್ನ ನಂಬಿಕೆ.

ನಮ್ಮ ಭಾಗವೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು. ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದ ಇವು ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಅದರ ಅಂಗಗಳಾದವು. ಇಲ್ಲಿ ಭಾಷೆಯನ್ನು ಆರಿಸಿಕೊಳ್ಳುವುದು ಮಂಡ್ಯದಲ್ಲಿಯೋ ಹಾಸನದಲ್ಲಿಯೋ ಆರಿಸಿಕೊಂಡಷ್ಟು ಸರಳವಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಗು ಅಮ್ಮನನ್ನು ಕರೆಯುವುದು ತೆಲುಗಿನಲ್ಲಿ, ಅಕ್ಷರ ತಿದ್ದುವುದು ಕನ್ನಡದಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವ್ಯವಹಾರದಲ್ಲಿ ಹೆಣೆದುಕೊಂಡು ಬರುವುದನ್ನು ಕೇಳಬಹುದು. ಗೂಡು ತಂದ ರೈತ ಒಂದು ಮಾತಿನಲ್ಲಿ ಬೆಲೆ ಹೇಳಿದರೆ, ನೂಲು ಬಿಚ್ಚುವವರು ಇನ್ನೊಂದು ಮಾತಿನಲ್ಲಿ ಚೌಕಾಸಿ ಮಾಡುತ್ತಾರೆ. ಯಾರಿಗೂ ಅದರಲ್ಲಿ ವಿಶೇಷ ಕಾಣುವುದಿಲ್ಲ.

ಇದು ಇಂದು ನಿನ್ನೆಯ ಬೆರಕೆಯಲ್ಲ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆ ಸಂಪುಟವನ್ನು ತಿರುವಿ ಹಾಕಿದರೆ ಕನ್ನಡ ಶಾಸನದ ನೆರೆಯಲ್ಲಿ ತಮಿಳು ಶಾಸನ, ಅದರಾಚೆಗೆ ತೆಲುಗು ಶಾಸನ, ಸಂಸ್ಕೃತ ಶ್ಲೋಕಗಳು ಎದುರಾಗುತ್ತವೆ. ಆಳಿದವರು ಬದಲಾದಂತೆ ಕಲ್ಲಿನ ಮೇಲಿನ ಭಾಷೆ ಬದಲಾಯಿತು; ಊರು ಮಾತ್ರ ಅದೇ ಉಳಿಯಿತು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರು, ಜನ ಭಕ್ತಿಯಿಂದ ಕೈವಾರ ತಾತಯ್ಯ ಎಂದು ಕರೆಯುವ ಆ ಬಳೆಗಾರ ಸಂತರು, ತೆಲುಗಿನಲ್ಲಿಯೂ ಹಾಡಿದರು, ಕನ್ನಡದಲ್ಲಿಯೂ ಹಾಡಿದರು. ಅವರ ಭಜನೆಗೆ ಕೂತ ಹಳ್ಳಿಗರು ಇದು ಯಾವ ಭಾಷೆಯೆಂದು ನಡುವೆ ಎದ್ದು ಕೇಳಿದವರಲ್ಲ.

ಇಂಥ ನೆಲದಿಂದ ಹೊರಟ ಹುಡುಗನೊಬ್ಬ ‘ನಾನು ಭಾಷೆ ಓದುತ್ತೇನೆ’ ಎಂದಾಗ, ಯಾವ ಊರಿಗೆ ಹೋಗುತ್ತೀಯೆ ಎಂಬ ಪ್ರಶ್ನೆಯ ಜೊತೆಯಲ್ಲಿಯೇ ನಿನ್ನ ಯಾವ ಭಾಷೆಯನ್ನು ಓದುತ್ತೀಯೆ ಎಂಬ ಪ್ರಶ್ನೆಯೂ ಇರುತ್ತದೆ. ಮೊದಲನೆಯದಕ್ಕೆ ನಮ್ಮ ಹಿರಿಯರು ಕಷ್ಟಪಟ್ಟು ಉತ್ತರ ಹುಡುಕಿಕೊಂಡರು. ಎರಡನೆಯದನ್ನು ಕೇಳಿಕೊಳ್ಳುವ ಅವಕಾಶವೇ ಅವರಿಗೆ ಬಹುಮಟ್ಟಿಗೆ ಇರಲಿಲ್ಲ.

ಮೊದಲ ಘಟ್ಟ ಮದರಾಸಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಒಳಗೆ ವಿಶ್ವವಿದ್ಯಾನಿಲಯವೆಂಬುದು ಇರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೮೫೭ರಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ತೆರೆದ ಹೈಸ್ಕೂಲು ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರಾಯಿತು. ಅಲ್ಲಿ ಓದಿದವರು ಪಡೆಯುತ್ತಿದ್ದುದು ಮದರಾಸಿನ ಪದವಿ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಿಂದ ಹೊರಟ ಎಂ. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ೧೮೮೧ರಲ್ಲಿ ಬಿ.ಎ. ಪದವೀಧರರಾದದ್ದು ಹೀಗೆಯೇ. ಆ ಮೇಲೆ ಅವರು ಎಂಜಿನಿಯರಿಂಗ್ ಓದಲು ಪುಣೆಗೆ ಹೋದರು. ನಮ್ಮ ತಾಲ್ಲೂಕಿನ ಹುಡುಗನೊಬ್ಬನ ಓದನ್ನು ಅಳೆದು ಮುದ್ರೆ ಹಾಕುವ ಅಧಿಕಾರ ಆ ದಿನಗಳಲ್ಲಿ ಸಂಸ್ಥಾನದ ಹೊರಗೆ, ಸಮುದ್ರ ತೀರದ ಪಟ್ಟಣದಲ್ಲಿತ್ತು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದು ಬೇಕಾಗುತ್ತದೆ.

ಆ ಕಾಲದಲ್ಲಿ ಭಾಷೆಯ ಉನ್ನತ ವ್ಯಾಸಂಗವೆಂದರೆ ಬಹುಪಾಲು ಇಂಗ್ಲಿಷಿನ ವ್ಯಾಸಂಗವೆಂದೇ ಅರ್ಥ. ಕನ್ನಡದಲ್ಲಿ ಎಂ.ಎ. ಪದವಿ ಪಡೆದವರು ಇರಲಿಲ್ಲವೆಂದಲ್ಲ. ‘ಕರ್ಣಾಟಕ ಕವಿಚರಿತೆ’ಯ ಕರ್ತೃ ಆರ್. ನರಸಿಂಹಾಚಾರ್ಯರು ಮದರಾಸಿನಿಂದ ಆ ಪದವಿ ಪಡೆದವರು. ಆದರೆ ಅಂಥವರು ವಿರಳ. ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಉದಾಹರಣೆಯನ್ನು ನೋಡಿ. ಮಾಲೂರು ತಾಲ್ಲೂಕಿನ ಅವರ ಮನೆಮಾತು ತಮಿಳು. ಮುಂದೆ ಅವರು ಬರೆದದ್ದು ಕನ್ನಡದಲ್ಲಿ. ೧೯೧೪ರಲ್ಲಿ ಮದರಾಸಿನಿಂದ ಎಂ.ಎ. ಪಡೆದದ್ದು ಇಂಗ್ಲಿಷಿನಲ್ಲಿ. ಕನ್ನಡದ ಸಣ್ಣಕಥೆಗೆ ತಳಹದಿ ಹಾಕಿದವರು ಓದಿನ ಪದವಿಯನ್ನು ಮೂರನೆಯ ಭಾಷೆಯೊಂದರಲ್ಲಿ ಪಡೆದರು. ಇದರಿಂದ ಅವರಿಗೆ ನಷ್ಟವಾಯಿತೆಂದು ನಾನು ಹೇಳುತ್ತಿಲ್ಲ, ಲಾಭವೇ ಆಗಿರಬಹುದು. ಆದರೆ ಮನೆಯ ಭಾಷೆಗೂ ಬರಹದ ಭಾಷೆಗೂ ಇಲ್ಲದ ಒಂದು ಪೀಠ ಪರೀಕ್ಷೆಯ ಭಾಷೆಗೆ ಇತ್ತು ಎಂಬುದನ್ನು ಮಾತ್ರ ಗಮನಿಸಬೇಕು.

ಎರಡನೆಯ ಘಟ್ಟ ಮೈಸೂರಿನದು. ಮದರಾಸಿನ ಪದವಿ ಹೊತ್ತು ಹೋದ ಮುದ್ದೇನಹಳ್ಳಿಯ ಅದೇ ಹುಡುಗ ೧೯೧೨ರಲ್ಲಿ ಸಂಸ್ಥಾನದ ದಿವಾನರಾದರು. ನಮ್ಮ ಮಕ್ಕಳ ಓದನ್ನು ನಮ್ಮ ನಾಡಿನಲ್ಲಿಯೇ ಅಳೆಯುವ ವ್ಯವಸ್ಥೆ ಆಗಬೇಕೆಂಬ ಪ್ರಯತ್ನಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲ ದೊರೆಯಿತು. ಎಂಥ ವಿಶ್ವವಿದ್ಯಾನಿಲಯ ನಮಗೆ ಬೇಕು ಎಂಬುದನ್ನು ತಿಳಿಯಲು ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹಮ್ ಎಂಬ ಇಬ್ಬರು ಹೊರದೇಶಗಳ ವಿದ್ಯಾಪೀಠಗಳನ್ನು ನೋಡಿಬಂದು ವರದಿ ಕೊಟ್ಟರು. ಇವರಲ್ಲಿ ರೆಡ್ಡಿಯವರು ಕೋಲಾರದ ಗಡಿಯಾಚೆಯ ಚಿತ್ತೂರಿನವರು, ತೆಲುಗಿನ ದೊಡ್ಡ ವಿಮರ್ಶಕರು. ಮುಂದೆ ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದವರು. ಕನ್ನಡ ನಾಡಿನ ಮೊದಲ ವಿಶ್ವವಿದ್ಯಾನಿಲಯದ ನಕ್ಷೆಯನ್ನು ಬರೆಯುವಲ್ಲಿ ತೆಲುಗು ವಿದ್ವಾಂಸರೊಬ್ಬರ ಕೈ ಇತ್ತೆಂಬುದು ನಮ್ಮ ಗಡಿ ತಾಲ್ಲೂಕುಗಳವರು ಮರೆಯಬಾರದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯ ೧೯೧೬ರ ಜುಲೈ ೨೭ರಂದು ಅಸ್ತಿತ್ವಕ್ಕೆ ಬಂತು.

ಬಂತು, ಸರಿ, ಆದರೆ ಚಿಕ್ಕಬಳ್ಳಾಪುರದ ಹುಡುಗನಿಗೆ ಅದು ಹತ್ತಿರವಾಯಿತೇ? ಇಲ್ಲೊಂದು ಸ್ವಾರಸ್ಯವಿದೆ. ವಿಶ್ವವಿದ್ಯಾನಿಲಯಕ್ಕೆ ಆಧಾರವಾಗಿದ್ದ ಕಾಲೇಜುಗಳು ಎರಡು: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕ್ರಮೇಣ ಮಾನವಿಕ ವಿಷಯಗಳು ಮೈಸೂರಿಗೂ ವಿಜ್ಞಾನ ಬೆಂಗಳೂರಿಗೂ ಹಂಚಿಕೆಯಾದವು. ಭೌತಶಾಸ್ತ್ರ ಓದುವವನಿಗೆ ಬೆಂಗಳೂರು ಸಾಕು. ಭಾಷೆ ಓದುವವನು ಬೆಂಗಳೂರನ್ನು ದಾಟಿ ಇನ್ನೂ ಸುಮಾರು ೧೪೦ ಕಿಲೋಮೀಟರು ಹೋಗಬೇಕು. ೧೯೧೫ರಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ ಲಘು ರೈಲು ಓಡಲು ಆರಂಭಿಸಿತ್ತು. ಗೌರಿಬಿದನೂರಿಗೆ ಗುಂತಕಲ್ಲಿನ ಕಡೆಯ ರೈಲುಹಾದಿ ಅದಕ್ಕೂ ಮೊದಲೇ ಬಂದಿತ್ತು. ಬೆಂಗಳೂರಿನವರೆಗೆ ಬರುವುದು ಹೀಗೆ ಸುಲಭವಾಯಿತು. ಅಲ್ಲಿಂದ ಮುಂದೆ ಬಾಡಿಗೆ ಕೋಣೆ, ವಾರಾನ್ನ, ಉಚಿತ ವಿದ್ಯಾರ್ಥಿನಿಲಯಗಳ ಋಣ.

ಇನ್ನೂ ಒಂದು ಸಂಗತಿಯನ್ನು ಹೇಳಬೇಕು. ಕನ್ನಡ ನಾಡಿನಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದ್ದು ೧೯೧೬ರಲ್ಲಾದರೂ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ನಡುವಿನ ಹನ್ನೊಂದು ವರ್ಷ ಕನ್ನಡ ಎಲ್ಲಿತ್ತು? ತರಗತಿಯ ಹೊರಗೆ, ಸಂಘದಲ್ಲಿತ್ತು. ವಿಜ್ಞಾನದ ಕಾಲೇಜೆನಿಸಿಕೊಂಡಿದ್ದ ಸೆಂಟ್ರಲ್ ಕಾಲೇಜಿನಲ್ಲಿಯೇ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿ, ೧೯೧೯ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರಡಿಸಿದರು. ಪಠ್ಯಪಟ್ಟಿಯಲ್ಲಿ ಸ್ಥಾನವಿಲ್ಲದ ಭಾಷೆಗೆ ಒಬ್ಬ ಅಧ್ಯಾಪಕರು ಸಂಜೆಯ ಹೊತ್ತಿನಲ್ಲಿ ಸ್ಥಾನ ಮಾಡಿಕೊಟ್ಟರು. ಕೊನೆಗೆ ತರಗತಿ ಆರಂಭವಾದಾಗ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳು ದೊರೆತರು. ಮೊದಲ ತಂಡದಲ್ಲಿ ಓದಿ ೧೯೨೯ರಲ್ಲಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಮುಂದೆ ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೇ ಎಂಬುದು ಎಲ್ಲರಿಗೂ ಗೊತ್ತು. ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾನಿಲಯವನ್ನು ಆರಿಸಿಕೊಳ್ಳುತ್ತೇನೆಂದುಕೊಂಡಿರುತ್ತಾನೆ; ಕೊನೆಗೆ ಅವನಿಗೆ ದಕ್ಕುವುದು ಒಬ್ಬಿಬ್ಬರು ಗುರುಗಳು.

ನಮ್ಮ ತಾಲ್ಲೂಕುಗಳಿಂದ ಈ ಮೈಸೂರಿನ ದಾರಿಯಲ್ಲಿ ಹೋದವರಲ್ಲಿ ನಾನು ಮೊದಲು ನೆನೆಯುವ ಹೆಸರು ಎಲ್. ಬಸವರಾಜು ಅವರದು. ಗೌರಿಬಿದನೂರು ತಾಲ್ಲೂಕಿನ ಇಡಗೂರಿನಲ್ಲಿ ೧೯೧೯ರಲ್ಲಿ ಹುಟ್ಟಿದ ಅವರು ಮೈಸೂರಿಗೆ ಹೋಗಿ ಕನ್ನಡ ಓದಿದರು, ಅಲ್ಲಿಯೇ ಅಧ್ಯಾಪಕರಾದರು. ‘ಅಲ್ಲಮನ ವಚನ ಚಂದ್ರಿಕೆ’ಯನ್ನು ಸಂಪಾದಿಸಿಕೊಟ್ಟರು, ಅಶ್ವಘೋಷನ ಸಂಸ್ಕೃತ ಕಾವ್ಯಗಳನ್ನು ಕನ್ನಡಿಸಿದರು, ಪಂಪನನ್ನು ಸಾಮಾನ್ಯ ಓದುಗನಿಗೆ ಸುಲಭವಾಗಿ ದಕ್ಕುವಂತೆ ಮಾಡಿದರು. ೨೦೦೯ರಲ್ಲಿ ಚಿತ್ರದುರ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಅವರನ್ನು ಕಂಡಾಗ ನಮ್ಮ ಸೀಮೆಯವರಿಗೆ ಆದ ಹೆಮ್ಮೆ ಸಣ್ಣದಲ್ಲ. ಇಡಗೂರಿನಂಥ ಹಳ್ಳಿಗೂ ಅಲ್ಲಮನಿಗೂ ನಡುವೆ ದಾರಿ ಹಾಕಿಕೊಟ್ಟದ್ದು ಮೈಸೂರು.

ಆ ಮೈಸೂರಿನಲ್ಲಿ ನಮ್ಮ ಇನ್ನೊಂದು ಭಾಷೆಗೂ ಆಸನವಿತ್ತು ಎಂಬುದನ್ನು ಈಗ ಬಹುಮಂದಿ ಮರೆತಿದ್ದಾರೆ. ಅನಂತಪುರ ಜಿಲ್ಲೆಯಿಂದ ಬಂದ ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ೧೯೧೨ರಿಂದ ೧೯೪೯ರವರೆಗೆ ಮಹಾರಾಜ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರಾಗಿದ್ದರು. ಹಾಲನ ಪ್ರಾಕೃತ ಗಾಥೆಗಳನ್ನು ತೆಲುಗಿಗೆ ತಂದ ಅವರು ಕನ್ನಡದಲ್ಲಿ ‘ಗಾನಕಲೆ’ಯನ್ನೂ ‘ಸಾಹಿತ್ಯ ಮತ್ತು ಜೀವನಕಲೆ’ಯನ್ನೂ ಬರೆದರು. ಒಂದೇ ಕಾಲೇಜಿನ ಅಂಗಳದಲ್ಲಿ ಕನ್ನಡದ ಗುರುಗಳೂ ತೆಲುಗಿನ ಗುರುಗಳೂ ಒಬ್ಬರ ಭಾಷೆಯನ್ನು ಇನ್ನೊಬ್ಬರು ಗೌರವದಿಂದ ಬಳಸುತ್ತ ಓಡಾಡಿದ ಕಾಲವದು. ಚಿಂತಾಮಣಿಯ ಹುಡುಗನಿಗೆ ಇದಕ್ಕಿಂತ ಒಪ್ಪುವ ವಾತಾವರಣ ಯಾವುದು?

ಇದೇ ತಲೆಮಾರಿನಲ್ಲಿ ಇನ್ನೊಂದು ದಿಕ್ಕಿನಲ್ಲಿ ನಡೆದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಿನ ಆಸೆಗೆ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಸಂಗತಿ ನಮ್ಮ ಕಡೆ ಮನೆಮಾತು. ಅವರು ಓದಿದ್ದು ಭೌತಶಾಸ್ತ್ರ, ಭಾಷೆಯಲ್ಲ. ಆದರೂ ಈ ಇತಿಹಾಸದಲ್ಲಿ ಅವರಿಗೆ ಸ್ಥಾನವಿದೆ. ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವರು ಗೌರಿಬಿದನೂರು, ಬಾಗೇಪಲ್ಲಿಗಳಂಥ ಊರುಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಲು ಕಾರಣರಾದರು. ತಾವು ನಡೆದಷ್ಟು ದೂರವನ್ನು ಮುಂದಿನವರು ನಡೆಯಬಾರದೆಂಬ ಹಟ ಅವರದು. ಕಾಲೇಜು ಊರಿಗೆ ಬಂದಾಗ ಮೊದಲು ಒಳಗೆ ಬರುವವರು ಕಲಾ ವಿಭಾಗದ ವಿದ್ಯಾರ್ಥಿಗಳು. ಐಚ್ಛಿಕ ಕನ್ನಡವನ್ನು ನಮ್ಮ ಊರುಗಳಲ್ಲಿಯೇ ಓದಿ, ಅನಂತರ ಎಂ.ಎ.ಗೆ ಎಲ್ಲಿಗೆ ಎಂದು ಯೋಚಿಸುವ ತಲೆಮಾರು ಹುಟ್ಟಿದ್ದು ಇಂಥ ಕಾಲೇಜುಗಳಿಂದ.

ನಾನು ಆ ತಲೆಮಾರಿನವನು. ಇದು ಮೂರನೆಯ ಘಟ್ಟ, ಬೆಂಗಳೂರಿನದು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಪ್ರತ್ಯೇಕವಾಯಿತು; ಮುಂದೆ ಕೋಲಾರ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ೧೯೮೦ರಲ್ಲಿ ನಾನು ಬಿ.ಎ. ಮುಗಿಸಿದಾಗ ನನ್ನೆದುರಿಗೆ ಎರಡು ದಾರಿಗಳಿದ್ದವು. ಒಂದು ಮಾನಸಗಂಗೋತ್ರಿ. ಕುವೆಂಪು ಕುಲಪತಿಗಳಾಗಿದ್ದಾಗ ರೂಪು ತಳೆದ ಆವರಣ, ೧೯೬೬ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ. ಅದರ ಹೆಸರು ಕೇಳಿದರೇ ಮೈ ನವಿರೇಳುತ್ತಿತ್ತು. ಇನ್ನೊಂದು ಜ್ಞಾನಭಾರತಿ. ಅಲ್ಲಿನ ಕನ್ನಡ ಅಧ್ಯಯನ ಕೇಂದ್ರಕ್ಕೆ ಆಗ ಜಿ.ಎಸ್. ಶಿವರುದ್ರಪ್ಪನವರು ನಿರ್ದೇಶಕರು, ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳು ಅಲ್ಲಿಂದ ಹೊರಬರುತ್ತಿದ್ದವು, ಎಂ. ಚಿದಾನಂದಮೂರ್ತಿಗಳು ಶಾಸನಗಳಲ್ಲಿ ನಾಡಿನ ಬದುಕನ್ನು ಓದುವುದು ಹೇಗೆಂದು ತೋರಿಸಿಕೊಡುತ್ತಿದ್ದರು.

ನಮ್ಮ ತಂದೆ ಚಿಂತಾಮಣಿ ತಾಲ್ಲೂಕಿನ ಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ರೈತರು. ಮನೆಯಲ್ಲಿ ತೆಲುಗು. ನಾನು ಎಂ.ಎ. ಮಾತೆತ್ತಿದಾಗ ಅವರು ತೆಲುಗಿನಲ್ಲಿಯೇ ಕೇಳಿದ ಮಾತು: ‘ಕನ್ನಡ ಇಸ್ಕೂಲಿನಲ್ಲೇ ಹೇಳಿಕೊಟ್ಟರಲ್ಲ, ಅದನ್ನೇ ಮತ್ತೆ ಓದೋಕೆ ಅಷ್ಟು ದೂರ ಯಾಕಪ್ಪ?’ ಪ್ರಶ್ನೆ ಒರಟಾದರೂ ಪೊಳ್ಳಲ್ಲ. ಆಡುವ ಭಾಷೆಗೂ ಅಧ್ಯಯನ ಮಾಡುವ ಭಾಷೆಗೂ ಇರುವ ಅಂತರವನ್ನು ಅವರಿಗೆ ತಿಳಿಸಿ ಹೇಳುವ ಶಕ್ತಿ ಆಗ ನನಗಿರಲಿಲ್ಲ. ಕೊನೆಗೆ ತೀರ್ಮಾನ ಮಾಡಿದ್ದು ಬಸ್ಸಿನ ದರ. ಹಬ್ಬಕ್ಕೆ, ಕೊಯ್ಲಿಗೆ ಊರಿಗೆ ಬಂದು ಹೋಗಲು ಬೆಂಗಳೂರೇ ಅನುಕೂಲ. ಹೀಗೆ ನಾನು ಜ್ಞಾನಭಾರತಿಯ ವಿದ್ಯಾರ್ಥಿಯಾದೆ. ಅದರ ಬಗ್ಗೆ ನನಗೆ ಕೊರಗಿಲ್ಲ.

ಅಲ್ಲಿ ಕಲಿತ ಒಂದು ಪಾಠವನ್ನು ಮಾತ್ರ ಹೇಳುತ್ತೇನೆ. ಎಂ.ಎ. ತರಗತಿಯಲ್ಲಿ ಭೀಮಕವಿಯ ‘ಬಸವಪುರಾಣ’ದ ಮೇಲೆ ಒಂದು ಪ್ರಬಂಧ ಓದಬೇಕಾಗಿ ಬಂತು. ೧೩೬೯ರ ಈ ಕನ್ನಡ ಕಾವ್ಯಕ್ಕೆ ಮೂಲ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’ವೆಂಬುದು ಎಲ್ಲ ಸಾಹಿತ್ಯ ಚರಿತ್ರೆಗಳಲ್ಲಿಯೂ ಒಂದು ಸಾಲಿನಲ್ಲಿ ಬರುವ ಮಾತು. ನಾನು ತೆಲುಗು ಆಡಬಲ್ಲೆನೇ ಹೊರತು ಓದಲು ಬರುತ್ತಿರಲಿಲ್ಲ. ಎರಡು ಲಿಪಿಗಳೂ ಒಡಹುಟ್ಟಿದವು. ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು. ವಾರದೊಳಗೆ ಅಕ್ಷರ ಕೂಡಿಸತೊಡಗಿದೆ. ಸೋಮನಾಥನ ದ್ವಿಪದಿಯನ್ನು ಮೆಲ್ಲಗೆ ಗಟ್ಟಿಯಾಗಿ ಓದಿಕೊಂಡಾಗ ಅದರೊಳಗಿಂದ ನಮ್ಮ ಅಜ್ಜಿಯ ಮಾತಿನ ಓಟ ಕೇಳಿಸಿತು. ಅದುವರೆಗೆ ತರಗತಿಯಲ್ಲಿ ನಾನು ತೆಲುಗು ಮನೆಯವನೆಂದು ಯಾರಿಗೂ ಹೇಳಿಕೊಂಡವನಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿಗೆ ಅದೊಂದು ಅರೆಕೊರೆಯೆಂಬ ಭಾವನೆ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ಅಂದಿನಿಂದ ಅದು ಕೊರೆಯಲ್ಲವೆಂದು ತಿಳಿಯಿತು. ಭೀಮಕವಿ ಎಲ್ಲಿ ಸೋಮನಾಥನನ್ನು ಹಿಂಬಾಲಿಸುತ್ತಾನೆ, ಎಲ್ಲಿ ಬಿಟ್ಟು ತನ್ನ ದಾರಿ ಹಿಡಿಯುತ್ತಾನೆ ಎಂಬುದನ್ನು ಆ ತರಗತಿಯಲ್ಲಿ ಎರಡು ಕಿವಿಗಳಿಂದಲೂ ಕೇಳಬಲ್ಲವರು ಗಡಿನಾಡಿನಿಂದ ಬಂದ ನಾವೊಬ್ಬಿಬ್ಬರೇ ಆಗಿದ್ದೆವು.

ಈ ಮಾತನ್ನು ಹೇಳಿದ್ದು ಆತ್ಮಕಥೆಗಾಗಿ ಅಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳ ಕೈಯಲ್ಲಿ ಹುಟ್ಟಿನಿಂದಲೇ ಬಂದ ಒಂದು ಬಂಡವಾಳವಿದೆ. ನೂರೈವತ್ತು ವರ್ಷಗಳಿಂದ ನಾವು ವಿಶ್ವವಿದ್ಯಾನಿಲಯಗಳನ್ನು ಆರಿಸಿಕೊಳ್ಳುವಾಗ ಆ ಬಂಡವಾಳವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ಮದರಾಸಿನ ಕಾಲದಲ್ಲಿ ಇಂಗ್ಲಿಷನ್ನು ಹೊರಗಿನಿಂದ ಸಂಪಾದಿಸಿದೆವು. ಮೈಸೂರಿನ ಕಾಲದಲ್ಲಿ ಕನ್ನಡವನ್ನು ಶಾಸ್ತ್ರವಾಗಿ ಕಲಿತೆವು. ಮನೆಯ ಮಾತನ್ನು ಮಾತ್ರ ಬಸ್ಸು ಹತ್ತುವಾಗ ಹೊಸಿಲಲ್ಲಿಯೇ ಬಿಟ್ಟುಬಂದೆವು.

ಈಗ ನಾಲ್ಕನೆಯ ಘಟ್ಟಕ್ಕೆ ಬರೋಣ. ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ಸುತ್ತಲಿನ ನಕ್ಷೆಯೇ ಬದಲಾಗಿದೆ. ಗೌರಿಬಿದನೂರಿನಿಂದ ರೈಲಿನಲ್ಲಿ ಉತ್ತರಕ್ಕೆ ಹೋದರೆ ಸಿಗುವ ಅನಂತಪುರದಲ್ಲಿ ೧೯೮೧ರಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ೧೯೯೧ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು. ೧೯೯೭ರಲ್ಲಿ, ಕೋಲಾರದ ಗಡಿಯ ಆಚೆ ಬದಿಗೆ, ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾಲಯ ಆರಂಭವಾಯಿತು. ದಕ್ಷಿಣದ ಭಾಷೆಗಳನ್ನು ಒಂದೇ ಸೂರಿನಡಿ ಓದಬೇಕೆಂಬುದು ಅದರ ಉದ್ದೇಶ. ಜಗತ್ತಿನ ಇತರ ಭಾಷೆಗಳು ಬೇಕೆನ್ನುವವರಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿಯೇ ಫ್ರೆಂಚ್, ಜರ್ಮನ್ ಮೊದಲಾದವುಗಳ ವ್ಯಾಸಂಗಕ್ಕೆ ಅವಕಾಶವಿದೆ. ಹೈದರಾಬಾದಿನಲ್ಲಿ ೧೯೫೮ರಲ್ಲಿ ಆರಂಭವಾದ ಇಂಗ್ಲಿಷ್ ಸಂಸ್ಥೆ ೨೦೦೭ರಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾದಾಗ ನಮ್ಮ ತಾಲ್ಲೂಕುಗಳು ಕೋಲಾರದ ಟಮಕದಲ್ಲಿ ನೆಲೆಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಹೊಸ ಆವರಣಕ್ಕೆಂದು ಗೊತ್ತುಮಾಡಿದ ನೆಲ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯ ಬಳಿ. ಮದರಾಸಿನಲ್ಲಿದ್ದ ವಿಶ್ವವಿದ್ಯಾನಿಲಯ ಹೀಗೆ ಒಂದೂವರೆ ಶತಮಾನದಲ್ಲಿ ನಮ್ಮ ಹಿಪ್ಪುನೇರಳೆ ತೋಟದ ಬದುವಿನವರೆಗೆ ನಡೆದುಬಂದಿದೆ.

ಈ ಹತ್ತಿರವನ್ನು ಹಗುರವಾಗಿ ಕಾಣುವುದು ತರವಲ್ಲ. ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಶಿಡ್ಲಘಟ್ಟದ ಕಡೆಯ ಒಬ್ಬ ವಿದ್ಯಾರ್ಥಿನಿ ಇದ್ದಳು. ಮನೆಯಲ್ಲಿ ಉರ್ದು, ತಂದೆಯದು ನೂಲು ಬಿಚ್ಚುವ ಕೆಲಸ. ಅವಳ ಕನ್ನಡ ಪ್ರಬಂಧಗಳನ್ನು ನಾನು ಉಳಿದವರಿಗೆ ಓದಿ ತೋರಿಸುತ್ತಿದ್ದೆ. ಬಿ.ಎ. ಆದಮೇಲೆ ಮೈಸೂರಿಗೆ ಹೋಗಮ್ಮ ಎಂದರೆ ಅವಳು ನಕ್ಕು, ‘ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆಗೆ ಬರೋ ಹಾಗಿದ್ದರೆ ಮಾತ್ರ ಓದು ಅಂದಿದ್ದಾರೆ ಸಾರ್’ ಎಂದಳು. ಅವಳು ಕೋಲಾರದ ಸ್ನಾತಕೋತ್ತರ ಕೇಂದ್ರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬಂದು ಎಂ.ಎ. ಮುಗಿಸಿದಳು. ಮದರಾಸು, ಮೈಸೂರುಗಳ ದಾರಿಯಲ್ಲಿ ನಾನು ಹೇಳಿದ ಹೆಸರುಗಳೆಲ್ಲ ಗಂಡಸರವೇ ಎಂಬುದನ್ನು ಕೇಳುಗರು ಗಮನಿಸಿರಬಹುದು. ದೂರದ ವಿಶ್ವವಿದ್ಯಾನಿಲಯ ಯಾರನ್ನು ಹೊರಗಿಟ್ಟಿತ್ತೆಂಬುದು ಹತ್ತಿರದ ವಿಶ್ವವಿದ್ಯಾನಿಲಯ ಬಂದಮೇಲೆ ತಿಳಿಯುತ್ತದೆ.

ಆದರೆ ಹತ್ತಿರವಾದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಪದವಿಯ ವ್ಯವಸ್ಥೆಯೂ ನಿಂತಲ್ಲಿ ನಿಂತಿಲ್ಲ. ಹಳೆಯ ಮೈಸೂರಿನ ಆನರ್ಸ್ ತರಗತಿಗಳು ಎಂದೋ ಮುಗಿದವು. ೨೦೨೧ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಹೊಸ ವೇಷದಲ್ಲಿ ಬಂತು. ೨೦೨೪ರಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂತಿರುಗಿದೆವು. ಈ ಏರುಪೇರುಗಳ ನಡುವೆ ಭಾಷೆ ಓದುವವರು ಒಂದು ಮಾತನ್ನು ನೆನಪಿಟ್ಟರೆ ಸಾಕು: ನಿಯಮಗಳು ಬದಲಾಗುತ್ತವೆ, ಗುರುಗಳೂ ಗ್ರಂಥಭಂಡಾರವೂ ಒಡನಾಡಿಗಳೂ ಓದನ್ನು ರೂಪಿಸುತ್ತಾರೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಒಮ್ಮೆ ಆ ವಿಭಾಗಕ್ಕೆ ಹೋಗಿಬನ್ನಿ. ಪೂರ್ಣಾವಧಿ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ, ಅವರು ಏನು ಬರೆದಿದ್ದಾರೆ ಎಂದು ವಿಚಾರಿಸಿ. ಗ್ರಂಥಭಂಡಾರದಲ್ಲಿ ಮಧ್ಯಾಹ್ನ ಒಂದು ಗಂಟೆ ಕೂತು ನೋಡಿ. ಪುಸ್ತಕದ ಹಿಂಬದಿಯಲ್ಲಿ ಎರವಲು ಕೊಟ್ಟ ತಾರೀಖಿನ ಮುದ್ರೆಗಳು ಎಷ್ಟಿವೆ ಎಂಬುದು ಆ ವಿಭಾಗದ ಆರೋಗ್ಯವನ್ನು ಹೇಳುತ್ತದೆ. ಹಳಗನ್ನಡವನ್ನೂ ಶಾಸನವನ್ನೂ ಮೂಲದಲ್ಲಿ ಓದಿಸುತ್ತಾರೋ, ಗೈಡಿನಲ್ಲಿ ಮುಗಿಸುತ್ತಾರೋ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಭಾಷೆ ಓದಿದವರಿಗೆ ಮುಂದೇನು ಎಂಬ ಪ್ರಶ್ನೆಗೆ ಅಧ್ಯಾಪನ, ಅನುವಾದ, ಪತ್ರಿಕೆ, ಆಡಳಿತ ಪರೀಕ್ಷೆ ಎಂಬ ಉತ್ತರಗಳಿವೆ. ಆದರೆ ಅವೆಲ್ಲ ಚೆನ್ನಾಗಿ ಓದಿದವರಿಗೆ ಮಾತ್ರ ಸಲ್ಲುವ ಉತ್ತರಗಳು.

ಕೊನೆಯದಾಗಿ, ನಮ್ಮ ಸೀಮೆಯ ಮಕ್ಕಳಿಗೆಂದೇ ಒಂದು ಪ್ರಶ್ನೆ ಉಂಟು. ನನ್ನ ಎರಡನೆಯ ಭಾಷೆಗೆ ಇಲ್ಲಿ ಜಾಗವಿದೆಯೇ? ಕನ್ನಡ ಓದುವವನು ತೆಲುಗನ್ನೋ ಉರ್ದುವನ್ನೋ ಪಕ್ಕದಲ್ಲಿಟ್ಟುಕೊಂಡು ಓದಲು, ಹೋಲಿಸಿ ನೋಡಲು, ಅನುವಾದ ಮಾಡಲು ಇಲ್ಲಿ ಒಬ್ಬರಾದರೂ ಗುರುಗಳು ಪ್ರೋತ್ಸಾಹ ಕೊಡುತ್ತಾರೆಯೇ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳದಿದ್ದರೆ ವಿಶ್ವವಿದ್ಯಾನಿಲಯ ತಾನಾಗಿ ಕೇಳಿಕೊಳ್ಳುವುದಿಲ್ಲ. ಮೈಸೂರಿನಲ್ಲಿ ಹನ್ನೊಂದು ವರ್ಷ ಪಠ್ಯಪಟ್ಟಿಯ ಹೊರಗಿದ್ದ ಕನ್ನಡ ಎಂ.ಎ. ತರಗತಿಯೊಳಗೆ ಬಂದದ್ದು, ಹೊರಗೆ ಕೂತು ಅದನ್ನು ಓದುತ್ತಲೇ ಇದ್ದವರಿಂದ.

ಅಮರಾವತಿಯ ಆ ನೆಲದಲ್ಲಿ ಕಟ್ಟಡಗಳು ಎಷ್ಟು ಎತ್ತರಕ್ಕೆ ಏಳುತ್ತವೆ ಎಂಬುದಕ್ಕಿಂತ, ಅಲ್ಲಿನ ಪುಸ್ತಕದ ಕಪಾಟಿನಲ್ಲಿ ಮೊದಲು ಯಾವ ಪುಸ್ತಕಗಳು ಬಂದು ಕೂರುತ್ತವೆ ಎಂಬ ಕುತೂಹಲ ನನಗೆ. ರೈಸರ ಕೋಲಾರದ ಶಾಸನ ಸಂಪುಟ, ಕೈವಾರ ತಾತಯ್ಯನವರ ಎರಡೂ ಭಾಷೆಯ ಹಾಡುಗಳು, ಬಸವರಾಜು ಅವರ ಅಲ್ಲಮ, ಭೀಮಕವಿಯ ಪಕ್ಕದಲ್ಲಿಯೇ ಸೋಮನಾಥ. ಇಷ್ಟು ಒಂದೇ ಅಟ್ಟಣಿಗೆಯಲ್ಲಿ ಸಿಗುವ ವಿಶ್ವವಿದ್ಯಾನಿಲಯ ಯಾವ ಊರಿನಲ್ಲಿದ್ದರೂ ಭಾಷೆ ಓದಲು ಹೊರಟ ನಮ್ಮ ಹುಡುಗ ಹುಡುಗಿಯರಿಗೆ ಅದೇ ಹತ್ತಿರದ್ದು.